ಬಂಡಲ್ ಬಿಚ್ಚಿಸಿ ಕೊಡಿ: ಗ್ರಂಥಾಲಯದ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಸಾರ್ವಜನಿಕ ಗ್ರಂಥಾಲಯಗಳ ಹೊಣೆ ಹೊತ್ತಿರುವ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ನಮಸ್ಕಾರ. ನಾನು ಬೆಂಗಳೂರು ದಕ್ಷಿಣದ ಒಂದು ಬಡಾವಣೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಹದಿನಾರು ವರ್ಷವಾಯಿತು. ಅಂಗಡಿಯ ಎದುರಿಗೇ ನಮ್ಮ ಶಾಖಾ ಗ್ರಂಥಾಲಯ. ನಡುವೆ ಒಂದು ರಸ್ತೆ, ಒಂದು ಹೊಂಗೆ ಮರ, ಅಷ್ಟೆ. ಬೆಳಿಗ್ಗೆ ನಾನು ಶಟರ್ ಎತ್ತುವ ಹೊತ್ತಿಗೆ ಪೇಪರ್ ಓದುವ ಹಿರಿಯರು ಅದರ ಮೆಟ್ಟಿಲ ಮೇಲೆ ಕಾಯುತ್ತಿರುತ್ತಾರೆ. ಆ ಬಾಗಿಲಿಂದ ಏನು ಒಳಗೆ ಹೋಯಿತು, ಏನು ಹೊರಗೆ ಬಂತು ಎಲ್ಲವೂ ನನ್ನ ಕಣ್ಣಿಗೆ ಬೀಳುತ್ತದೆ.

2025ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ವಾರ, ಒಂದು ಟೆಂಪೊ ಬಂದು ನಿಂತಿತು. ಹನ್ನೊಂದು ಬಂಡಲ್ ಇಳಿಸಿದರು. ಕಂದು ಕಾಗದ ಸುತ್ತಿ, ಸುತಲಿ ದಾರದಿಂದ ಬಿಗಿದು ಕಟ್ಟಿದ ಪುಸ್ತಕಗಳು. ಡ್ರೈವರ್ ಒಬ್ಬನೇ ಇದ್ದ, ನಮ್ಮ ಅಂಗಡಿಯ ಹುಡುಗ ಹೋಗಿ ಕೈ ಕೊಟ್ಟ. ವಾಪಸ್ ಬಂದವನು ಅಂಗೈ ಮೂಸಿ ನೋಡಿಕೊಂಡು "ಅಕ್ಕಾ, ಹೊಸ ಪುಸ್ತಕದ ವಾಸನೆ" ಅಂದ. ನನಗೂ ಖುಷಿಯಾಯಿತು. ನಮ್ಮ ಗ್ರಂಥಾಲಯಕ್ಕೆ ಹೊಸ ಪುಸ್ತಕ ಬಂದು ತುಂಬಾ ದಿನವಾಗಿತ್ತು. ಅವತ್ತು ಅಂಗಡಿಗೆ ಬಂದ ನಾಲ್ಕೈದು ಜನಕ್ಕೆ ನಾನೇ ಹೇಳಿದೆ, ಮುಂದಿನ ವಾರ ಹೋಗಿ ನೋಡಿ, ಹೊಸದು ಬಂದಿದೆ ಅಂತ.

ಈಗ ನವೆಂಬರ್. ಆ ಹನ್ನೊಂದರಲ್ಲಿ ಒಂಬತ್ತು ಬಂಡಲ್ ಇವತ್ತಿಗೂ ಬಿಚ್ಚಿಲ್ಲ. ಉಳಿದ ಎರಡನ್ನು ಬಿಚ್ಚಿದ್ದು ಓದುಗರ ಕೈಗೆ ಕೊಡಲು ಅಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಗ್ರಂಥಾಲಯದ ಹೆಸರನ್ನು ಬೇಕೆಂದೇ ಬರೆದಿಲ್ಲ. ಬರೆದರೆ ಮೊದಲು ನೋಟಿಸ್ ಹೋಗುವುದು ಅಲ್ಲಿ ದಿನಗೂಲಿಗೆ ದುಡಿಯುವ ಹೆಣ್ಣುಮಗಳಿಗೆ. ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಪೇಪರ್ ಜೋಡಿಸುವುದು, ಪುಸ್ತಕ ಕೊಡುವುದು ಎಲ್ಲ ಅವಳೊಬ್ಬಳೇ. ಅವಳ ಮೇಲಿರುವ ಗ್ರಂಥಪಾಲಕರಿಗೆ ಇನ್ನೂ ಎರಡು ಶಾಖೆಗಳ ಚಾರ್ಜ್ ಇದೆ. ವಾರಕ್ಕೆ ಒಂದೆರಡು ಸಲ ಬರುತ್ತಾರೆ. ಅವರಿಬ್ಬರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನನ್ನ ದೂರು ನಿಮ್ಮ ಹತ್ತಿರ.

ಫೆಬ್ರವರಿಯಲ್ಲಿ ನಾನು ಮೊದಲ ಸಲ ಹೋಗಿ ಕೇಳಿದೆ. ಬಂಡಲ್‌ಗಳು ಪೇಪರ್ ಸ್ಟ್ಯಾಂಡಿನ ಹಿಂದೆ, ಕಿಟಕಿಯ ಕೆಳಗೆ ಗೋಡೆಗೆ ಒರಗಿದ್ದವು. "ಮೇಲಿಂದ ಪುಸ್ತಕಗಳ ಲಿಸ್ಟ್ ಬಂದಿಲ್ಲ, ಬಿಚ್ಚುವ ಹಾಗಿಲ್ಲ" ಅಂದಳು ಆ ಹೆಣ್ಣುಮಗಳು. ಮಾರ್ಚ್‌ನಲ್ಲಿ ಕೇಳಿದೆ, ಅದೇ ಉತ್ತರ. ಯುಗಾದಿ ಆಯಿತು, ಮಕ್ಕಳಿಗೆ ಬೇಸಿಗೆ ರಜೆ ಶುರುವಾಯಿತು. ನಮ್ಮ ಬೀದಿಯ ಮಕ್ಕಳು ಮಧ್ಯಾಹ್ನದ ಬಿಸಿಲಿಗೆ ಅಲ್ಲಿ ಹೋಗಿ ಕೂರುತ್ತವೆ. ಮಕ್ಕಳ ಕಪಾಟಿನಲ್ಲಿರುವುದು ಎರಡೇ ಸಾಲು. ಅದರಲ್ಲಿ ಅರ್ಧಕ್ಕೆ ರಟ್ಟಿಲ್ಲ. ಅವನ್ನೇ ಓದಿ ಓದಿ ಮಕ್ಕಳಿಗೆ ಬಾಯಿಪಾಠವಾಗಿದೆ. ನಾಲ್ಕು ಹೆಜ್ಜೆ ಆಚೆ ಹೊಸ ಪುಸ್ತಕದ ಬಂಡಲ್ ಇತ್ತು. ಒಬ್ಬ ಹುಡುಗ ಅದರ ಮೇಲೆ ಕೂತು ಹಳೆ ಪುಸ್ತಕ ಓದುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಪುಸ್ತಕ ಕಪಾಟಿಗೆ ಏರಲು ಒಂದು ದಾರಿ ಇದೆ ಅನ್ನುವುದು ನನಗೂ ಗೊತ್ತು. ನಮ್ಮ ಅಂಗಡಿಗೆ ಬರುವ ನಿವೃತ್ತ ಕಾಲೇಜು ಗ್ರಂಥಪಾಲಕರೊಬ್ಬರು ಕೂರಿಸಿಕೊಂಡು ಹೇಳಿದರು. ಬಿಲ್ಲಿನ ಜೊತೆ ತಾಳೆ ನೋಡಬೇಕು. ಅಕ್ಸೆಷನ್ ರಿಜಿಸ್ಟರಿನಲ್ಲಿ, ಅಂದರೆ ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ಪುಸ್ತಕದಲ್ಲಿ, ಒಂದೊಂದು ಪುಸ್ತಕಕ್ಕೂ ಒಂದೊಂದು ನಂಬರ್ ಬರೆಯಬೇಕು. ಅದೇ ನಂಬರನ್ನು ಹೆಸರಿನ ಪುಟದಲ್ಲೂ ಒಳಗಿನ ಒಂದು ಗುಟ್ಟಿನ ಪುಟದಲ್ಲೂ ಹಾಕಿ ಸೀಲು ಒತ್ತಬೇಕು. ಪುಸ್ತಕ ಕಳುವಾಗಿ ಮೊದಲ ಪುಟ ಹರಿದರೂ ಗುರುತು ಸಿಗಲಿ ಅಂತ ಆ ಗುಟ್ಟಿನ ಪುಟ. ಆಮೇಲೆ ವಿಷಯದ ನಂಬರ್. ಪುಸ್ತಕಗಳನ್ನು ವಿಷಯದ ಪ್ರಕಾರ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814. ಅದನ್ನು ಬರೆದು ಬೆನ್ನಿಗೆ ಅಂಟಿಸಬೇಕು. ಒಳಗೆ ವಾಪಸ್ ಕೊಡುವ ದಿನ ಬರೆಯುವ ಡೇಟ್ ಸ್ಲಿಪ್ ಹಚ್ಚಬೇಕು. ಒಂದು ಬಂಡಲಿನಲ್ಲಿ ನಲವತ್ತು ಪುಸ್ತಕ ಅಂದರೂ ಹನ್ನೊಂದಕ್ಕೆ ನಾನೂರ ನಲವತ್ತು. ಕೆಲಸ ಗೊತ್ತಿರುವ ಇಬ್ಬರು ಕೂತರೆ ಇದು ಕೆಲವು ದಿನಗಳ ಕೆಲಸ ಎಂದು ಅವರು ಹೇಳಿದರು. ನಮ್ಮಲ್ಲಿ ಹತ್ತು ತಿಂಗಳಾಗಿದೆ.

ಮೇ 18ರ ರಾತ್ರಿಯ ಮಳೆ ಬೆಂಗಳೂರಿನವರಿಗೆಲ್ಲ ನೆನಪಿದೆ. ಅವತ್ತು ಭಾನುವಾರ. ಸೋಮವಾರ ಗ್ರಂಥಾಲಯಕ್ಕೆ ರಜೆ. ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆದ ಸ್ವಲ್ಪ ಹೊತ್ತಿಗೆ ಆ ಹೆಣ್ಣುಮಗಳು ರಸ್ತೆ ದಾಟಿ ಓಡಿ ಬಂದಳು. ಕಿಟಕಿಯಿಂದ ನೀರು ಇಳಿದು ಕೆಳಗಿನ ಎರಡು ಬಂಡಲ್ ಪೂರ್ತಿ ನೆನೆದಿದ್ದವು. ಒಂದೂವರೆ ದಿನ ನೀರಿನಲ್ಲೇ ಇದ್ದವು. ಇನ್ನು ಲಿಸ್ಟು ಗಿಸ್ಟು ಅಂತ ಕಾಯುವಂತಿರಲಿಲ್ಲ. ಅಂಗಡಿಗೆ ಹೊತ್ತು ತಂದು, ದಾರ ಕತ್ತರಿಸಿ, ಬೈಂಡಿಂಗ್ ಟೇಬಲ್ ಮೇಲೆ ಹರಡಿದೆವು.

ಆವತ್ತು ಜೆರಾಕ್ಸ್ ಮಷಿನ್ ಆನ್ ಮಾಡಲಿಲ್ಲ. ಹತ್ತತ್ತು ಪುಟಕ್ಕೊಂದು ಎ4 ಹಾಳೆ ಇಟ್ಟು, ಮೆಲ್ಲಗೆ ಒತ್ತಿ, ಹಾಳೆ ನೆನೆದ ಮೇಲೆ ತೆಗೆದು ಬೇರೆ ಇಟ್ಟು, ಫ್ಯಾನ್ ಕೆಳಗೆ ನಿಲ್ಲಿಸಿ, ಹೀಗೇ ಸಂಜೆಯವರೆಗೆ. ಎರಡು ರೀಮ್ ಖರ್ಚಾಯಿತು. ಕತೆ, ಕಾದಂಬರಿ, ಜೀವನಚರಿತ್ರೆಯ ಪುಸ್ತಕಗಳು ಉಳಿದುಕೊಂಡವು. ಸಾದಾ ಕಾಗದ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಅಲೆ ಅಲೆಯಾಗಿ ನಿಲ್ಲುತ್ತದೆ, ಓದಲು ಅಡ್ಡಿಯಿಲ್ಲ. ಮಕ್ಕಳ ಚಿತ್ರಪುಸ್ತಕಗಳದ್ದು ಹಾಗಲ್ಲ. ಅವು ಆರ್ಟ್ ಪೇಪರ್. ಆ ಹೊಳಪು ಬರುವುದು ಮೇಲೆ ಬಳಿದ ಸಣ್ಣ ಜೇಡಿಮಣ್ಣಿನ ಲೇಪದಿಂದ. ನೆನೆದು ಒಣಗಿದರೆ ಆ ಲೇಪವೇ ಗೋಂದಾಗುತ್ತದೆ, ಪುಟಕ್ಕೆ ಪುಟ ಕಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿಗಾಗಲೇ ಅವುಗಳ ಅಂಚು ಒಣಗಲು ಶುರುವಾಗಿ ಪುಸ್ತಕ ಇಡಿಯಾಗಿ ಒಂದು ಹಲಗೆಯಂತಾಗಿತ್ತು. ಒಂದನ್ನು ಬಿಡಿಸಲು ನೋಡಿದೆ. ಒಂದು ಪುಟದಲ್ಲಿ ಆನೆ ಇತ್ತು. ಎಳೆದಾಗ ಅದರ ಅರ್ಧ ಸೊಂಡಿಲು ಎದುರಿನ ಪುಟಕ್ಕೆ ಹೋಯಿತು. ಅಲ್ಲಿಗೆ ನಿಲ್ಲಿಸಿದೆ. ಮಕ್ಕಳ ಪುಸ್ತಕ ಹತ್ತೊಂಬತ್ತು ಇದ್ದವು. ಒಂದೂ ಉಳಿಯಲಿಲ್ಲ.

ಅವು ಒಂದು ದಿನವೂ ಒಂದು ಮಗುವಿನ ಕೈಗೆ ಹೋಗಿರಲಿಲ್ಲ. ಎಷ್ಟೋ ಜನ ಬರೆದು, ಚಿತ್ರ ಬಿಡಿಸಿ, ಅಚ್ಚು ಹಾಕಿ, ನೀವು ಆರಿಸಿ, ದುಡ್ಡು ಕೊಟ್ಟು, ಟೆಂಪೊದಲ್ಲಿ ಕಳಿಸಿದ ಪುಸ್ತಕಗಳು. ಬಂದ ತಿಂಗಳೇ ಕಪಾಟು ಸೇರಿದ್ದರೆ ಮಳೆಯ ರಾತ್ರಿ ಅರ್ಧಕ್ಕರ್ಧ ಯಾರದೋ ಮನೆಯಲ್ಲಿ, ಮಗುವಿನ ದಿಂಬಿನ ಪಕ್ಕ ಬೆಚ್ಚಗಿರುತ್ತಿದ್ದವು. ಒಣಗಿಸಿ ಉಳಿಸಿದ ದೊಡ್ಡವರ ಪುಸ್ತಕಗಳ ಕತೆ ಏನಾಯಿತು ಗೊತ್ತೇ? ನಂಬರ್ ಬಿದ್ದಿಲ್ಲವಲ್ಲ, ಅದಕ್ಕೆ ಮತ್ತೆ ದಾರ ಕಟ್ಟಿ ಒಳಗಿಟ್ಟರು. ಈ ಸಲ ಬೆಂಚಿನ ಮೇಲೆ. ಆ ದಾರ ಕಟ್ಟಿದವಳು ನಾನೇ. ಅದಕ್ಕೇ ಈ ಪತ್ರ ಬರೆಯದೆ ಇರಲು ಆಗಲಿಲ್ಲ.

ಅದೇ ವಾರ ಇನ್ನೊಂದು ಘಟನೆ. ಮೇ 20ರ ರಾತ್ರಿ ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಕನ್ನಡದ ಪುಸ್ತಕಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಮಾರನೇ ದಿನದಿಂದ ನಮ್ಮ ಗ್ರಂಥಾಲಯಕ್ಕೆ ಯಾವತ್ತೂ ಬರದವರೂ ಬಂದರು. ಕಾಲೇಜು ಹುಡುಗಿಯರು ಬಂದರು. ಆಫೀಸಿನಿಂದ ಬರುವಾಗ ಗಾಡಿ ನಿಲ್ಲಿಸಿ ಒಬ್ಬರು ಕೇಳಿದರು. ತರಕಾರಿ ಅಂಗಡಿಯವರ ಸೊಸೆ ಬಂದು "ಆ ಹಾಸನದ ಮೇಡಂ ಬರೆದಿದ್ದು ಇದೆಯಾ" ಅಂದಳು. ಕಪಾಟಿನಲ್ಲಿ ಇರಲಿಲ್ಲ. ಬಂಡಲಿನಲ್ಲಿ ಇದೆಯಾ? ಯಾರಿಗೂ ಗೊತ್ತಿಲ್ಲ. ಇದೆ ಅನ್ನಲೂ ಆಗದು, ಇಲ್ಲ ಅನ್ನಲೂ ಆಗದು. ಬಂದವರೆಲ್ಲ ಸುಮ್ನೆ ವಾಪಸ್ ಹೋದರು. ಕನ್ನಡ ಓದಬೇಕು ಅಂತ ಜನಕ್ಕೆ ತಾನಾಗಿ ಆಸೆ ಹುಟ್ಟುವುದು ದಿನಾ ಆಗುವ ಮಾತಲ್ಲ, ಅಲ್ವಾ? ಆ ವಾರ ಹುಟ್ಟಿತ್ತು. ನಾವು ಅವರ ಕೈಗೆ ಏನನ್ನೂ ಕೊಡಲಿಲ್ಲ.

ದುಡ್ಡಿಲ್ಲ ಅನ್ನುವ ಮಾತು ಬರುತ್ತದೆ. ಅದಕ್ಕೆ ದುಡ್ಡಿನ ಬಗ್ಗೆಯೂ ಒಂದೆರಡು ಮಾತು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಗ್ರಂಥಾಲಯಕ್ಕೆಂದೇ ಕರ ಕಟ್ಟುತ್ತೇವೆ. ಪ್ರತಿ ಏಪ್ರಿಲ್‌ನಲ್ಲಿ, ಶೇ. 5 ರಿಯಾಯಿತಿ ಸಿಗುವ ಹೊತ್ತಿಗೆ, ನನ್ನ ಅಂಗಡಿಯಲ್ಲೇ ಎಷ್ಟೋ ಜನರ ಆಸ್ತಿ ತೆರಿಗೆಯ ರಸೀದಿ ಪ್ರಿಂಟ್ ಆಗುತ್ತದೆ. ಅದರಲ್ಲಿ ತೆರಿಗೆಯ ಮೇಲೆ ಸೆಸ್ ಅಂತ ಇರುತ್ತದೆ. ಆ ಸೆಸ್ಸಿನಲ್ಲಿ ಗ್ರಂಥಾಲಯದ ಪಾಲು ತೆರಿಗೆಯ ಶೇ. 6. ತೆರಿಗೆ 5000 ರೂಪಾಯಿ ಇದ್ದವರು ಗ್ರಂಥಾಲಯಕ್ಕೆ 300 ರೂಪಾಯಿ ಕೊಡುತ್ತಾರೆ. 300 ರೂಪಾಯಿಗೆ ಒಂದು ಒಳ್ಳೆಯ ಕನ್ನಡ ಕಾದಂಬರಿ ಬರುತ್ತದೆ. ಅಂದರೆ ನಮ್ಮ ಬೀದಿಯ ಒಂದೊಂದು ಮನೆಯವರೂ ವರ್ಷಕ್ಕೊಂದು ಪುಸ್ತಕ ಕೊಟ್ಟ ಲೆಕ್ಕ. ಬಾಡಿಗೆಯವರೂ ಬಾಡಿಗೆಯ ಒಳಗೇ ಅದನ್ನು ಕೊಡುತ್ತಾರೆ. ಪಾಲಿಕೆ ವಸೂಲಿ ಮಾಡಿದ ಈ ಹಣ ಪೂರ್ತಿಯಾಗಿ ಗ್ರಂಥಾಲಯಗಳಿಗೆ ಸೇರುತ್ತಿಲ್ಲ, ಕೋಟಿಗಟ್ಟಲೆ ಬಾಕಿ ಇದೆ ಅಂತ ಪತ್ರಿಕೆಗಳಲ್ಲಿ ವರ್ಷವರ್ಷವೂ ಓದುತ್ತೇವೆ. ಸೆಪ್ಟೆಂಬರಿನಿಂದ ಬೆಂಗಳೂರಿಗೆ ಒಂದು ಪಾಲಿಕೆ ಹೋಗಿ ಐದಾಗಿವೆ. ಹಳೆಯ ಬಾಕಿ ಯಾರು ಕೊಡಬೇಕು, ಹೊಸ ಹಣ ಯಾವ ದಾರಿಯಲ್ಲಿ ಬರುತ್ತದೆ ಅನ್ನುವುದನ್ನು ನೀವು ಈಗಲೇ ಗಟ್ಟಿ ಮಾಡಿಕೊಳ್ಳಬೇಕು. ತಡವಾದರೆ ಅದೂ ಫೈಲುಗಳ ನಡುವೆ ಕಳೆದುಹೋಗುತ್ತದೆ.

ಹಣದ ವಿಷಯ ನಿಮ್ಮೊಬ್ಬರ ಕೈಯಲ್ಲಿಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಒಂಬತ್ತು ಬಂಡಲ್‌ಗಳಿಗೆ ಹಣ ಆಗಲೇ ಖರ್ಚಾಗಿದೆ. ಅವು ಬಂದೂ ಆಗಿದೆ. ಬೇಕಿರುವುದು ಒಂದು ಲಿಸ್ಟ್ ಮತ್ತು ಕೆಲವು ದಿನ ಕೂತು ಕೆಲಸ ಮಾಡುವ ಇಬ್ಬರು.

ಆ ಹೆಣ್ಣುಮಗಳು ಯಾಕೆ ಬಂಡಲ್ ಮುಟ್ಟಲು ಹೆದರುತ್ತಾಳೆ ಅಂತ ಒಂದು ದಿನ ಕೇಳಿದೆ. "ಒಂದು ಪುಸ್ತಕ ಕಮ್ಮಿ ಬಂದರೂ ನನ್ನ ಸಂಬಳದಲ್ಲಿ ಹಿಡೀತಾರೆ ಅಕ್ಕಾ" ಅಂದಳು. ಇದನ್ನು ಕೇಳಿ ಆ ನಿವೃತ್ತ ಗ್ರಂಥಪಾಲಕರು ಒಂದು ಹಾಳೆ ತಂದು ನನ್ನಿಂದಲೇ ನಾಲ್ಕು ಜೆರಾಕ್ಸ್ ಮಾಡಿಸಿದರು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪುಟ ಅದು. ಗ್ರಂಥಾಲಯದಲ್ಲಿ ವರ್ಷಕ್ಕೆ ಓದಲು ಕೊಟ್ಟ ಪ್ರತಿ 1000 ಪುಸ್ತಕಕ್ಕೆ 5 ಕಳೆದರೆ, ಮೋಸವೋ ಅಸಡ್ಡೆಯೋ ಇಲ್ಲದಿದ್ದರೆ, ಅದನ್ನು ಸಹಜ ನಷ್ಟ ಅಂತ ತಿಳಿಯಬಹುದು ಅಂತ ಅದರಲ್ಲಿದೆ. ಅದು ಕೇಂದ್ರದ ಕಚೇರಿಗಳ ನಿಯಮ, ನಿಜ. ಆದರೆ ಪುಸ್ತಕ ಕೈಯಿಂದ ಕೈಗೆ ಹೋದರೆ ಒಂದೆರಡು ಕಳೆಯುತ್ತವೆ ಅನ್ನುವುದನ್ನು ಸರ್ಕಾರವೇ ಒಪ್ಪಿದೆ ಅಂತಾಯಿತು. ನಮ್ಮ ಶಾಖೆಯ ಕೆಲಸಗಾರರಿಗೂ ಅಂಥದೊಂದು ಲಿಖಿತ ಭರವಸೆ ಕೊಡಿ. ಕಳೆದರೆ ಜೇಬಿನಿಂದ ಕಟ್ಟಬೇಕು ಅನ್ನುವ ಭಯ ಇರುವ ಜಾಗದಲ್ಲಿ ಯಾರೂ ಪುಸ್ತಕ ಹೊರಗೆ ಕೊಡುವುದಿಲ್ಲ. ಬೀರುವಿಗೆ ಬೀಗ ಹಾಕಿ ಇಡುತ್ತಾರೆ. ನಮ್ಮಲ್ಲಿ ಒಳ್ಳೊಳ್ಳೆಯ ಪುಸ್ತಕಗಳ ಎರಡು ಬೀರುಗಳಿಗೆ ಬೀಗವೇ ಇದೆ.

ಇನ್ನು ಆಯ್ಕೆಯ ಮಾತು. ಗ್ರಂಥಾಲಯಗಳಿಗಾಗಿ ಹೊಸ ಪುಸ್ತಕ ಕೊಳ್ಳುವ ಏಕಗವಾಕ್ಷಿ ಯೋಜನೆಯಲ್ಲಿ ಒಂದು ಪುಸ್ತಕದ 300 ಪ್ರತಿಯಷ್ಟನ್ನು ಸರ್ಕಾರ ಕೊಳ್ಳುತ್ತದೆ. ಕನ್ನಡದಲ್ಲಿ ಮೊದಲ ಮುದ್ರಣ 1000 ಹಾಕಿಸಿದರೇ ದೊಡ್ಡದು, ಈಗೀಗ 500ಕ್ಕೂ ಇಳಿದಿದೆ. ಆ ಲೆಕ್ಕದಲ್ಲಿ ಇದು ಸಣ್ಣ ಸಹಾಯವಲ್ಲ. ಆದರೆ ಒಂದು ವರ್ಷದ ಪುಸ್ತಕ ಆರಿಸಿ, ಕೊಂಡು, ಶಾಖೆಗೆ ತಲುಪಿಸುವ ಹೊತ್ತಿಗೆ ವರ್ಷಗಳೇ ಕಳೆಯುತ್ತವೆ ಅಂತ ಪ್ರಕಾಶಕರು ಬಹಿರಂಗವಾಗಿಯೇ ಹೇಳುತ್ತ ಬಂದಿದ್ದಾರೆ. ಅಲ್ಲಿ ತಡವಾಗಿ ಬಂದದ್ದು ಇಲ್ಲಿ ಬಂಡಲಿನಲ್ಲಿ ಇನ್ನೊಂದು ವರ್ಷ ಕೂತರೆ, ಓದುಗರ ಕೈಗೆ ಬರುವಾಗ ಅದು ಹೊಸ ಪುಸ್ತಕ ಆಗಿರುವುದಿಲ್ಲ.

ಕತೆ ಕಾದಂಬರಿಗೆ ತಡವಾದರೂ ತಡೆದುಕೊಳ್ಳಬಹುದು. ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗರು ಏನು ಮಾಡಬೇಕು? ನಮ್ಮ ಗ್ರಂಥಾಲಯದ ಅರ್ಧ ಕುರ್ಚಿಗಳು ಅವರವೇ. ರಾಯಚೂರು, ಯಾದಗಿರಿ, ವಿಜಯಪುರ ಕಡೆಯಿಂದ ಬಂದು, ಪಿಜಿಯಲ್ಲಿ ಒಂದು ರೂಮಿಗೆ ನಾಲ್ಕು ಜನ ಇದ್ದುಕೊಂಡು, ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಅಂತ ಓದುವವರು. ಅಲ್ಲಿ ಸಾಮಾನ್ಯ ಜ್ಞಾನದ ಅತಿ ಹೊಸ ಪುಸ್ತಕ ಅಂದರೆ 2016ರದ್ದು. ಒಬ್ಬರು ಹೊಸದು ಕೊಂಡರೆ ಮೂವರು ನನ್ನ ಹತ್ತಿರ ಜೆರಾಕ್ಸ್ ಮಾಡಿಸುತ್ತಾರೆ. ನನಗೆ ವ್ಯಾಪಾರ ಆಗುತ್ತದೆ, ನಿಜ. ಆದರೆ ಊಟದ ದುಡ್ಡು ಎಣಿಸಿ ಕೊಡುವ ಆ ಹುಡುಗರಿಂದ ಆ ದುಡ್ಡು ತೆಗೆದುಕೊಳ್ಳುವುದು ನನಗೆ ಇಷ್ಟವಿಲ್ಲ. ಎದುರಿಗೇ ಸರ್ಕಾರದ ಗ್ರಂಥಾಲಯ ಇದೆ.

ಮೊಬೈಲಿನಲ್ಲಿ ಡಿಜಿಟಲ್ ಗ್ರಂಥಾಲಯ ಇದೆಯಲ್ಲ ಅಂತ ನೀವು ಹೇಳಬಹುದು. ಇದೆ, ಒಳ್ಳೆಯದೇ. ಮೆಟ್ಟಿಲ ಮೇಲೆ ಕಾಯುವ ಹಿರಿಯರಿಗೂ ನಮ್ಮ ಬೀದಿಯ ಮಕ್ಕಳಿಗೂ ಅದು ಸಾಕಾಗುವುದಿಲ್ಲ.

ಗ್ರಂಥಾಲಯ ಶಾಸ್ತ್ರದ ಪಿತಾಮಹ ಅಂತ ನೀವೆಲ್ಲ ಗೌರವಿಸುವ ಎಸ್. ಆರ್. ರಂಗನಾಥನ್ ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲೇ ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಅಂತ. ಪ್ರತಿ ವರ್ಷ ಆಗಸ್ಟ್ 12ರಂದು ಅವರ ಫೋಟೊಗೆ ಹಾರ ಹಾಕುತ್ತಾರೆ. ಈ ವರ್ಷವೂ ಹಾಕಿದರು. ಬಂಡಲ್‌ಗಳು ಆ ಫೋಟೊ ಎದುರಿಗೇ ಇದ್ದವು.

ಹಳ್ಳಿಗಳಲ್ಲಿ ಆಗಿದ್ದನ್ನೂ ನೋಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ 2020ರಲ್ಲಿ 'ಓದುವ ಬೆಳಕು' ಅಂತ ಕಾರ್ಯಕ್ರಮ ತಂದು ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡರು. ಹಾಸನ ಜಿಲ್ಲೆಯ ನನ್ನ ತವರಿನ ಗ್ರಂಥಾಲಯ ಬೀಗ ಹಾಕಿದ ರೂಮಾಗಿತ್ತು. ಹೋದ ದಸರಾದಲ್ಲಿ ನನ್ನ ತಮ್ಮನ ಮಗಳು ಅಲ್ಲಿಂದ ಪುಸ್ತಕ ತಂದು ನನಗೇ ಓದಿ ಹೇಳಿದಳು. ಬೆಂಗಳೂರಿನ ಮಗುವಿಗೂ ಅಷ್ಟು ಸಿಗಬೇಕು.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ ಇದು. ಮೊದಲು ನಮ್ಮ ಒಂಬತ್ತು ಬಂಡಲ್‌ಗಳ ಲಿಸ್ಟ್ ಕಳಿಸಿ. ಒಣಗಿಸಿ ಕಟ್ಟಿಟ್ಟ ಪುಸ್ತಕಗಳನ್ನೂ ಅದೇ ಲಿಸ್ಟಿಗೆ ಸೇರಿಸಿ ನಂಬರ್ ಕೊಡಿ. ಅಲೆ ಬಿದ್ದಿದ್ದರೂ ಓದಲು ಬರುತ್ತವೆ. ಇನ್ನು ಮುಂದೆ ಯಾವ ಶಾಖೆಗೇ ಪುಸ್ತಕ ಬಂದರೂ ಮೂವತ್ತು ದಿನದೊಳಗೆ ಕಪಾಟಿಗೆ ಏರಬೇಕು ಅಂತ ಆದೇಶ ಹೊರಡಿಸಿ. ಲಿಸ್ಟ್ ಪುಸ್ತಕದ ಹಿಂದೆ ಬರುವುದು ಬೇಡ, ಬಂಡಲಿನ ಜೊತೆಗೇ ಬರಲಿ. ನಂಬರ್ ಹಾಕುವ ಕೆಲಸಕ್ಕೆ ಶಾಖೆಯಿಂದ ಶಾಖೆಗೆ ಹೋಗುವ ಇಬ್ಬರ ಒಂದು ತಂಡ ಮಾಡಿ. ಒಬ್ಬರಿಗೆ ಮೂರು ಶಾಖೆಯ ಚಾರ್ಜ್ ಕೊಟ್ಟು ಅವರಿಂದಲೇ ಇದನ್ನೂ ನಿರೀಕ್ಷಿಸುವುದು ಸರಿಯಲ್ಲ.

ಹೊಸ ಪುಸ್ತಕಗಳ ಹೆಸರನ್ನು ಬಾಗಿಲ ಹತ್ತಿರದ ಬೋರ್ಡಿನಲ್ಲಿ ಬರೆಸಿ. ಒಂದು ತಿಂಗಳು ಅವನ್ನು ಬೇರೆ ಕಪಾಟಿನಲ್ಲಿ, ಮುಖ ಕಾಣುವ ಹಾಗೆ ಇಡಿಸಿ. ಬೆನ್ನು ಮಾತ್ರ ಕಂಡರೆ ಮಕ್ಕಳು ಕೈ ಹಾಕುವುದಿಲ್ಲ. ಓದುಗರು ಬೇಕಾದ ಪುಸ್ತಕ ಬರೆಯಲು ಒಂದು ಸಲಹಾ ಪುಸ್ತಕ ಈಗಲೂ ಮೇಜಿನ ಮೇಲಿದೆ. ಅದರಲ್ಲಿ ಬರೆದದ್ದಕ್ಕೆ ಒಂದು ಉತ್ತರವೂ ಬಂದಿಲ್ಲ. ಮೂರು ತಿಂಗಳಿಗೊಮ್ಮೆ ಅದನ್ನು ತರಿಸಿ ಓದಿ, ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಅಂತ ಅದರಲ್ಲೇ ಬರೆದು ಕಳಿಸಿ. ನಮ್ಮ ವಾರ್ಡಿನಿಂದ ವರ್ಷಕ್ಕೆ ಎಷ್ಟು ಗ್ರಂಥಾಲಯ ಕರ ಹೋಯಿತು, ಎಷ್ಟರ ಪುಸ್ತಕ ಬಂತು ಅನ್ನುವುದನ್ನೂ ಅದೇ ಬೋರ್ಡಿನಲ್ಲಿ ಹಾಕಿಸಿ. ಮಳೆಗಾಲಕ್ಕೆ ಮುಂಚೆ ಆ ಕಿಟಕಿ ರಿಪೇರಿ ಮಾಡಿಸಿ.

ಇನ್ನೊಂದು. ಹಾಳಾದ ಹತ್ತೊಂಬತ್ತು ಮಕ್ಕಳ ಪುಸ್ತಕಗಳ ಬದಲಿಗೆ ಬೇರೆ ಕಳಿಸಿಕೊಡಿ. ರಟ್ಟಿನ ಮೇಲೆ ಹೆಸರು ಕಾಣುತ್ತಿದ್ದವನ್ನೆಲ್ಲ ನಾನು ಬರೆದಿಟ್ಟುಕೊಂಡಿದ್ದೇನೆ. ಹದಿನೇಳರ ಹೆಸರು ಸಿಕ್ಕಿದೆ, ಕಳಿಸುತ್ತೇನೆ. ಪುಸ್ತಕಗಳೂ ನನ್ನ ಅಂಗಡಿಯ ಅಟ್ಟದ ಮೇಲೆ ಒಂದು ಡಬ್ಬದಲ್ಲಿವೆ. ಯಾರಾದರೂ ಬಂದು ನೋಡಬಹುದು.

ಬಂಡಲ್ ಬಿಚ್ಚುವ ದಿನ ಕೈ ಸಾಲದಿದ್ದರೆ ನಮ್ಮನ್ನು ಕರೆಯಿರಿ. ಆ ನಿವೃತ್ತ ಗ್ರಂಥಪಾಲಕರು ನಂಬರ್ ಬರೆಯಲು ಒಪ್ಪಿದ್ದಾರೆ. ಪರೀಕ್ಷೆಗೆ ಓದುವ ಹುಡುಗರಲ್ಲಿ ನಾಲ್ವರು ಸೀಲು ಒತ್ತಲು ಬರುತ್ತೇವೆ ಅಂದಿದ್ದಾರೆ. ಡೇಟ್ ಸ್ಲಿಪ್ ನಾನೇ ಪ್ರಿಂಟ್ ಮಾಡಿ, ಕತ್ತರಿಸಿ ತರುತ್ತೇನೆ, ಅದಕ್ಕೆ ದುಡ್ಡು ಬೇಡ. ಸೋಮವಾರ ರಜೆ ಇರುವಾಗಲೇ ಮಾಡಿದರೆ ಓದುಗರಿಗೂ ತೊಂದರೆಯಿಲ್ಲ. ಯಾವ ಸೋಮವಾರ ಅಂತ ತಿಳಿಸಿ, ಅವತ್ತು ಅಂಗಡಿ ಮುಚ್ಚುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗ್ರಂಥಾಲಯದ ಎದುರಿನ ಜೆರಾಕ್ಸ್ ಅಂಗಡಿಯವಳು
ಬೆಂಗಳೂರು